ವಯಸ್ಸಾದ ನಾಯಿಯ ನೀರಿನ ಬಟ್ಟಲು



ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ಶಾಸನವನ್ನು ಇತಿಹಾಸದ ಪಾಠದಲ್ಲಿ ನೀವು ಓದಿರಬಹುದು. ಅದು ಕ್ರಿ.ಶ. 949-50ರ ಕಾಲದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆ ನಾಯಿಯ ಸ್ಮರಣೆಗಾಗಿ ಕಲ್ಲು ನೆಟ್ಟು, ಭೂಮಿಯನ್ನೂ ದತ್ತಿಯಾಗಿ ಬಿಟ್ಟರು.

ಕಾಳಿ ಹೋರಾಡುತ್ತ ಸತ್ತಿತು. ಆದರೆ ನಮ್ಮ ಮನೆಗಳ ನಾಯಿಗಳು ಹೀಗೆ ಸಾಯುವುದಿಲ್ಲ. ಅವು ಮುಪ್ಪಾಗುತ್ತವೆ. ಕಣ್ಣು ಮಂಜಾಗುತ್ತದೆ, ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆ. ಒಂದು ದಿನ, ಹತ್ತು ವರ್ಷ ಎಂದೂ ಮನೆಯೊಳಗೆ ಗಲೀಜು ಮಾಡದ ನಾಯಿ ನಡುಮನೆಯಲ್ಲಿ ಮೂತ್ರ ಮಾಡಿಬಿಡುತ್ತದೆ. ಅಂದಿನಿಂದ ಅದರ ಕಷ್ಟದ ದಿನಗಳು ಶುರುವಾಗುತ್ತವೆ. ಬೈಗುಳ, ಏಟು, ಗೇಟಿನ ಬಳಿ ಸರಪಳಿ. ಕೆಲವೊಮ್ಮೆ ಯಾವುದೋ ದೂರದ ರಸ್ತೆಯಲ್ಲಿ ಇಳಿಸಿ ಬರುವುದು. ಪ್ರೀತಿಯಿಲ್ಲದ ಮನೆಗಳಲ್ಲಿ ಮಾತ್ರ ಹೀಗಾಗುತ್ತದೆ ಎಂದು ತಿಳಿಯಬೇಡಿ. ಎಷ್ಟೋ ಕಡೆ ಇದಕ್ಕೆ ಕಾರಣ ಆಗುತ್ತಿರುವುದೇನು ಎಂದು ತಿಳಿಯದಿರುವುದು. ಆದ್ದರಿಂದ ಇಂದಿನ ಮಾತು ಅದರ ಬಗ್ಗೆಯೇ. ನಾನು ಪಶುವೈದ್ಯರ ಪೈಕಿ ಅಲ್ಲ. ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವರ ಪೈಕಿ. ಚಿಕಿತ್ಸೆಯನ್ನು ವೈದ್ಯರೇ ಹೇಳಬೇಕು. ಆದರೆ ವೈದ್ಯರಿಗೆ ಬೇಕಾದ ಅರ್ಧ ಮಾಹಿತಿಯನ್ನು ಒಂದು ಅಳತೆಯ ಜಗ್ಗು, ಒಂದು ನೋಟುಪುಸ್ತಕ ಇರುವ ವಿದ್ಯಾರ್ಥಿ ಕೂಡ ಒದಗಿಸಬಲ್ಲ ಎಂಬುದನ್ನು ನಾನು ಹೇಳಬಹುದು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಬೆಂಗಳೂರಿನ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇದು. ಮಹಡಿಯ ಮೇಲಿನ ಟ್ಯಾಂಕಿನಿಂದ ನೀರು ಸುರಿಯುವುದನ್ನು ನೋಡಿದ್ದೀರಿ. ಮೋಟಾರು ನಿಲ್ಲಿಸುವುದನ್ನು ಮರೆತರೆ ಟ್ಯಾಂಕು ತುಂಬಿ ಹರಿಯುತ್ತದೆ. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುವುದನ್ನೂ ನೋಡಿದ್ದೀರಿ. ಒಳಗಿನ ವಾಷರು ಸವೆದಿರುತ್ತದೆ. ಎರಡರಲ್ಲೂ ನೆಲ ಒದ್ದೆಯಾಗುತ್ತದೆ. ಆದರೆ ರಿಪೇರಿ ಬೇರೆ ಬೇರೆ. ವಾಷರು ಬದಲಾಯಿಸಿದರೆ ತುಂಬಿ ಹರಿಯುವ ಟ್ಯಾಂಕು ನಿಲ್ಲುವುದಿಲ್ಲ, ಮೋಟಾರು ಆರಿಸಿದರೆ ತೊಟ್ಟಿಕ್ಕುವ ನಲ್ಲಿ ಸರಿಹೋಗುವುದಿಲ್ಲ.

ನಾಯಿಯ ದೇಹದಲ್ಲೂ ಹೀಗೆಯೇ. ಮೂತ್ರಪಿಂಡಗಳು ಅತಿಯಾಗಿ ಮೂತ್ರ ತಯಾರಿಸಿದರೆ ಮೂತ್ರಕೋಶ ಬೇಗ ಬೇಗ ತುಂಬುತ್ತದೆ. ನಾಯಿಗೆ ಅರಿವಿರುತ್ತದೆ. ಅದು ಬಾಗಿಲ ಬಳಿ ಹೋಗಿ ನಿಲ್ಲುತ್ತದೆ, ಕುಂಯ್‌ಗುಟ್ಟುತ್ತದೆ. ಯಾರೂ ಬಾಗಿಲು ತೆರೆಯದಿದ್ದರೆ ಬೇರೆ ದಾರಿಯಿಲ್ಲದೆ ಅಲ್ಲೇ ಕುಳಿತು ಹೊಯ್ಯುತ್ತದೆ. ಆ ಮೂತ್ರ ಪ್ರಮಾಣದಲ್ಲಿ ಹೆಚ್ಚು, ಬಣ್ಣದಲ್ಲಿ ಬಹುತೇಕ ನೀರಿನಂತೆ. ಇನ್ನೊಂದು ಬಗೆಯಲ್ಲಿ ಮೂತ್ರಕೋಶದ ಬಾಯಿಯನ್ನು ಬಿಗಿಯಾಗಿ ಮುಚ್ಚಿಡುವ ಸಂಕೋಚಕ ಸ್ನಾಯು ಸಡಿಲವಾಗಿರುತ್ತದೆ. ನಾಯಿಗೆ ತಿಳಿಯದಂತೆಯೇ, ಹೆಚ್ಚಾಗಿ ಮಲಗಿದ್ದಾಗ, ಮೂತ್ರ ಸೋರುತ್ತದೆ. ಎದ್ದ ಮೇಲೆ ಹಾಸಿಗೆ ಒದ್ದೆಯಾಗಿರುವುದನ್ನು ಕಂಡು ಅದೇ ಬೆರಗಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ ಇದು ಹೆಚ್ಚು. ಮೂರನೆಯ ಬಗೆಯೂ ಒಂದುಂಟು. ಮತ್ತೆ ಮತ್ತೆ ಕುಳಿತು, ತಿಣುಕಿ, ಸ್ವಲ್ಪ ಸ್ವಲ್ಪವೇ ಹೊಯ್ದರೆ, ಅದರಲ್ಲಿ ರಕ್ತ ಕಂಡರೆ, ಸೋಂಕನ್ನೋ ಕಲ್ಲನ್ನೋ ಶಂಕಿಸಬೇಕು. ತಿಣುಕಿದರೂ ಮೂತ್ರ ಬಾರದೇ ಹೋದರೆ ಅದು ತುರ್ತು ಪರಿಸ್ಥಿತಿ. ಆಗ ಬೆಳಗಾಗಲಿ ಎಂದು ಕಾಯಬಾರದು.

ವಯಸ್ಸಾದ ನಾಯಿಯ ಟ್ಯಾಂಕು ತುಂಬಿ ಹರಿಯುವುದಕ್ಕೆ ಹಲವು ಕಾರಣಗಳಿವೆ. ಸಕ್ಕರೆ ಕಾಯಿಲೆ ಇರಬಹುದು, ಮೂತ್ರಪಿಂಡದ ದೌರ್ಬಲ್ಯ ಇರಬಹುದು. ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿಯಲ್ಲಿ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದು ಪ್ರಾಣಕ್ಕೇ ಅಪಾಯ. ಇವುಗಳ ಜೊತೆಗೆ, ಎಷ್ಟೋ ಮನೆಗಳಲ್ಲಿ ಹೆಸರೂ ಕೇಳಿರದ ಇನ್ನೊಂದು ಕಾಯಿಲೆ ಇದೆ. ಅದೇ ಕುಶಿಂಗ್ ಕಾಯಿಲೆ.

ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಅವರು 1912ರಲ್ಲಿ ಇಂತಹ ಒಬ್ಬ ರೋಗಿಯನ್ನು ವರ್ಣಿಸಿದರು. 1932ರಲ್ಲಿ ಇದಕ್ಕೂ ಪಿಟ್ಯುಟರಿ ಗ್ರಂಥಿಯ ಗೆಡ್ಡೆಗೂ ಇರುವ ಸಂಬಂಧವನ್ನು ವಿವರಿಸಿದರು. ಮನುಷ್ಯರಲ್ಲಿ ಇದು ಅಪರೂಪ. ನಡುವಯಸ್ಸು ದಾಟಿದ ನಾಯಿಗಳಲ್ಲಿ ಮಾತ್ರ ಪಶುವೈದ್ಯರು ಇದನ್ನು ಮತ್ತೆ ಮತ್ತೆ ಕಾಣುತ್ತಾರೆ. ಪೂಡಲ್, ಡ್ಯಾಶ್‌ಹುಂಡ್, ಬಾಕ್ಸರ್ ತಳಿಗಳಲ್ಲಿ ಹೆಚ್ಚು. ಆದರೆ ಯಾವ ನಾಯಿಗೂ ಬರಬಹುದು.

ಇದರ ಕಥೆ ಹೀಗಿದೆ. ಮೂತ್ರಪಿಂಡಗಳ ಪಕ್ಕದಲ್ಲಿ ಅಡ್ರಿನಲ್ ಎಂಬ ಎರಡು ಪುಟ್ಟ ನಿರ್ನಾಳ ಗ್ರಂಥಿಗಳಿವೆ. ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಬದುಕಿಗೆ ಅದು ಬೇಕೇ ಬೇಕು. ಎಷ್ಟು ಬೇಕು ಎಂದು ಹೇಳುವುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್‌ಗೆ ಆಜ್ಞೆ ಕಳುಹಿಸುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದರೆ ಪಿಟ್ಯುಟರಿ ಆಜ್ಞೆಯನ್ನು ತಗ್ಗಿಸುತ್ತದೆ. ಪಿಟ್ಯುಟರಿಯಲ್ಲಿ ಒಂದು ಪುಟ್ಟ ಗೆಡ್ಡೆ ಬೆಳೆದರೆ ಅದಕ್ಕೆ ಈ ‘ಸಾಕು’ ಎಂಬ ಮಾತು ಕೇಳಿಸುವುದಿಲ್ಲ. ಆಜ್ಞೆ ಹೋಗುತ್ತಲೇ ಇರುತ್ತದೆ, ಕಾರ್ಟಿಸಾಲ್ ಏರುತ್ತಲೇ ಇರುತ್ತದೆ. ತಾನಾಗಿ ಬರುವ ಕುಶಿಂಗ್ ಕಾಯಿಲೆಯ ನೂರು ನಾಯಿಗಳಲ್ಲಿ ಸುಮಾರು 80ರಿಂದ 85ರಲ್ಲಿ ಕಾರಣ ಇದೇ. ಉಳಿದವುಗಳಲ್ಲಿ ಗೆಡ್ಡೆ ಅಡ್ರಿನಲ್ ಗ್ರಂಥಿಯಲ್ಲೇ ಇರುತ್ತದೆ.

ನಮ್ಮ ಔಷಧಗಳಿಂದಲೂ ಈ ಸ್ಥಿತಿ ಬರಬಹುದು. ಪ್ರೆಡ್ನಿಸಲೋನ್‌ನಂತಹ ಸ್ಟೀರಾಯ್ಡ್ ಔಷಧಗಳು ಕಾರ್ಟಿಸಾಲ್‌ನ ಬಂಧುಗಳು. ಚರ್ಮದ ತುರಿಕೆಗೆಂದು ತಿಂಗಳುಗಟ್ಟಲೆ ಮಾತ್ರೆ, ಮತ್ತೆ ಮತ್ತೆ ಇಂಜೆಕ್ಷನ್, ಮುಲಾಮು ಬಳಸಿದರೆ ಅದೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನೂ ಔಷಧದ ಪಟ್ಟಿಗಳನ್ನೂ ತೆಗೆದುಕೊಂಡು ಹೋಗಿ. ಕಾರಣ ಇದೇ ಎಂದು ಗೊತ್ತಾದರೂ ಆ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಹೊರಗಿನಿಂದ ಔಷಧ ಬರುತ್ತಿದ್ದಾಗ ಅಡ್ರಿನಲ್ ಗ್ರಂಥಿ ನಿದ್ದೆಹೋಗಿರುತ್ತದೆ. ಅದು ಎಚ್ಚರಗೊಳ್ಳಲು ಸಮಯ ಬೇಕು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.

ಕಾರ್ಟಿಸಾಲ್‌ಗೂ ಮೂತ್ರಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಮೂತ್ರಪಿಂಡ ಸೋಸಿದ ನೀರಿನ ಬಹುಪಾಲನ್ನು ದೇಹ ಮತ್ತೆ ಹೀರಿಕೊಳ್ಳುತ್ತದೆ. ಇದರಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿಗೆ ಮುಖ್ಯ ಪಾತ್ರವಿದೆ. ಕಾರ್ಟಿಸಾಲ್ ಅತಿಯಾದಾಗ ಅದರ ಕೆಲಸಕ್ಕೆ ಅಡ್ಡಿಯಾಗುತ್ತದೆ. ಉಳಿಯಬೇಕಾದ ನೀರು ಮೂತ್ರವಾಗಿ ಹೊರಟುಹೋಗುತ್ತದೆ. ನೀವು ಭೌತಶಾಸ್ತ್ರದಲ್ಲಿ ಓದುವ ಸಾಪೇಕ್ಷ ಸಾಂದ್ರತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆರೋಗ್ಯವಂತ ನಾಯಿಯ ಬೆಳಗಿನ ಮೂತ್ರದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.030ಕ್ಕಿಂತ ಹೆಚ್ಚು. ಕುಶಿಂಗ್ ಕಾಯಿಲೆಯಲ್ಲಿ ಅದು ಎಷ್ಟೋ ಸಲ 1.020ಕ್ಕಿಂತ ಕೆಳಗಿಳಿದಿರುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ನಾಯಿ ಹೆಚ್ಚು ನೀರು ಕುಡಿಯುವುದರಿಂದ ಹೆಚ್ಚು ಮೂತ್ರ ಮಾಡುತ್ತಿದೆ ಎಂದು ನೋಡಿದವರಿಗೆ ಅನಿಸುತ್ತದೆ. ಇಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ತಿರುಗುಮುರುಗು. ನೀರು ಹೊರಹೋಗುತ್ತಿರುವುದರಿಂದ ಅದು ಕುಡಿಯುತ್ತಿದೆ. ಆ ಬಾಯಾರಿಕೆ ದೇಹ ತನ್ನನ್ನು ಉಳಿಸಿಕೊಳ್ಳುವ ಪ್ರಯತ್ನ. ಸಂಜೆಯ ಮೇಲೆ ನೀರಿನ ಬಟ್ಟಲು ಎತ್ತಿಟ್ಟರೆ ಮೂತ್ರ ನಿಲ್ಲುವುದಿಲ್ಲ. ದೇಹ ಒಣಗುತ್ತದೆ, ಏಪ್ರಿಲ್ ತಿಂಗಳ ಸೆಕೆಯಲ್ಲಂತೂ ನಾಯಿ ಕುಸಿದು ಬೀಳಬಹುದು. ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯ ಪ್ರಕಾರ ಸಾಕಿದವರು ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದು ಅಪರಾಧ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ಬೀದಿಗೆ ಬಿಡುವುದೂ ಅಪರಾಧ.

ನಾವಿರುವ ಅಲ್ಲಾಳಸಂದ್ರದಲ್ಲಿ, ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ಮನೆಯ ಪೊಮೆರೇನಿಯನ್ ನಾಯಿ ಪುಟ್ಟಿಗೆ ಆಗ 11 ವರ್ಷ, ತೂಕ 10 ಕಿಲೋ. ಮರಿಯಿದ್ದಾಗಿನಿಂದ ಶಿಸ್ತಿನ ನಾಯಿ. ಅದು ದಿನಕ್ಕೆರಡು ಸಲ ನಡುಮನೆ ಒದ್ದೆ ಮಾಡತೊಡಗಿದಾಗ ಯಜಮಾನರು ರಾತ್ರಿ ನೀರು ಇಡುವುದನ್ನು ನಿಲ್ಲಿಸಿದರು. ಪುಟ್ಟಿ ಬಚ್ಚಲ ಬಕೆಟ್ಟಿಗೆ ಬಾಯಿ ಹಾಕಿತು, ತುಳಸಿ ಕುಂಡದ ತಟ್ಟೆಯ ನೀರನ್ನೂ ನೆಕ್ಕಿತು. ಮನೆಯ ಅಜ್ಜಿ ಮೊಮ್ಮಗಳಿಗೆ, “ಅದು ಬೇಕಂತ ಮಾಡ್ತಿಲ್ಲ ಕಣೇ. ವಯಸ್ಸಾದೋರ ಕಷ್ಟ ನಂಗೆ ಗೊತ್ತು, ಹೇಳ್ಕೊಳ್ಳೋಕೂ ನಾಚಿಕೆ,” ಎಂದರು. ಮೊಮ್ಮಗಳು ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಅವಳು ವಾದ ಮಾಡಲಿಲ್ಲ, ಅಳತೆ ಮಾಡಿದಳು.

ಅವಳು ಮಾಡಿದ್ದನ್ನು ನೀವೂ ಮಾಡಬಹುದು. ಬೆಳಿಗ್ಗೆ ನಿಗದಿತ ಹೊತ್ತಿಗೆ ಬಟ್ಟಲಿಗೆ ನೀರನ್ನು ಅಳೆದು ಹಾಕಿ. ದಿನದಲ್ಲಿ ಮತ್ತೆ ಎಷ್ಟು ಹಾಕಿದಿರಿ, ಬರೆದುಕೊಳ್ಳಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಅಳೆದು ಕಳೆಯಿರಿ. ಬಕೆಟ್ಟು, ಕುಂಡದ ತಟ್ಟೆಗಳನ್ನು ದೂರವಿಡಿ. ಆದರೆ ಬಟ್ಟಲು ಎಂದೂ ಬರಿದಾಗಬಾರದು. ಮಜ್ಜಿಗೆ, ಗಂಜಿ ಕೊಡುವುದಿದ್ದರೆ ಅದನ್ನೂ ಬರೆಯಿರಿ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಅದಕ್ಕೆ ಬೇರೆ ಕಡೆ ನೀರಿಡಿ. ಹೀಗೆ ಮೂರು ದಿನ ಮಾಡಿ ಸರಾಸರಿ ತೆಗೆಯಿರಿ. ನಾಯಿಯ ತೂಕಕ್ಕೆ, ಮೊದಲು ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ವ್ಯತ್ಯಾಸ ಕಂಡುಕೊಳ್ಳಿ.

ಪುಟ್ಟಿ ಮೂರು ದಿನ ಕುಡಿದದ್ದು 1500, 1650, 1560 ಮಿಲಿಲೀಟರು, ಸರಾಸರಿ 1570. ತೂಕ 10 ಕಿಲೋ ಆದ್ದರಿಂದ ಕಿಲೋಗೆ 157 ಮಿಲಿಲೀಟರು. ಆರೋಗ್ಯವಂತ ನಾಯಿ ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 50ರಿಂದ 60 ಮಿಲಿಲೀಟರು ಕುಡಿಯುತ್ತದೆ. 100 ದಾಟಿದರೆ ಅದು ರೋಗಲಕ್ಷಣ ಎಂದೇ ವೈದ್ಯರು ಎಣಿಸುತ್ತಾರೆ. ಹುಡುಗಿ ಇನ್ನೂ ಕೆಲವು ಸಂಗತಿಗಳನ್ನು ಬರೆದಿದ್ದಳು. ಹಸಿವು ವಿಪರೀತ, ಕಸದ ಬುಟ್ಟಿಗೂ ಬಾಯಿ ಹಾಕುತ್ತದೆ. ಹೊಟ್ಟೆ ಜೋತುಬಿದ್ದಿದೆ, ಬೆನ್ನು ಪಕ್ಕೆಗಳಲ್ಲಿ ಕೂದಲು ತೆಳುವಾಗಿದೆ. ತಂಪು ಹೊತ್ತಿನಲ್ಲೂ ಏದುಸಿರು ಬಿಡುತ್ತದೆ. ಎಲ್ಲವೂ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗಿದ್ದ ಲಕ್ಷಣಗಳು. ಮಿತ್ರರೆ, ವಯಸ್ಸು ರೋಗವಲ್ಲ. ಆದರೆ ರೋಗಗಳು ಅದರ ಹಿಂದೆ ಅಡಗಿಕೊಳ್ಳುತ್ತವೆ.

ಮುಂದಿನ ಕೆಲಸ ವೈದ್ಯರದು. ನಮ್ಮ ಭಾಗದವರಿಗೆ ಒಂದು ಅನುಕೂಲವುಂಟು. ಅಲ್ಲಾಳಸಂದ್ರದಿಂದ ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ದಾಟಿ ನಗರದ ಕಡೆಗೆ ಹೋದರೆ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಬೋಧನಾ ಆಸ್ಪತ್ರೆಯೂ ಇದೆ. ಯಾವ ಪಶುವೈದ್ಯರಲ್ಲಿಗೆ ಹೋದರೂ ಬೆಳಗಿನ ಮೊದಲ ಮೂತ್ರವನ್ನು, ಅದಕ್ಕೆಂದೇ ಮೀಸಲಿಟ್ಟ ಶುಭ್ರವಾದ ಸೌಟಿನಲ್ಲಿ ಹಿಡಿದು, ಸ್ವಚ್ಛ ಬಾಟಲಿಯಲ್ಲಿ ಬೇಗ ತಲುಪಿಸಿದರೆ ಉಪಕಾರವಾಗುತ್ತದೆ. ಕುಶಿಂಗ್ ಕಾಯಿಲೆಯಿರುವ ನಾಯಿಗಳಲ್ಲಿ ಮೂತ್ರದ ಸೋಂಕು ಸಾಮಾನ್ಯ. ಕಾರ್ಟಿಸಾಲ್ ಉರಿಯೂತವನ್ನು ಅದುಮಿಡುವುದರಿಂದ ನೋವಿನ ಲಕ್ಷಣವೇ ಕಾಣದಿರಬಹುದು. ಆದ್ದರಿಂದ ವೈದ್ಯರು ಮೂತ್ರವನ್ನು ಕಲ್ಚರ್ ಪರೀಕ್ಷೆಗೂ ಕಳಿಸುತ್ತಾರೆ.

ಕುಶಿಂಗ್ ಕಾಯಿಲೆಯನ್ನು ಒಂದೇ ರಕ್ತಪರೀಕ್ಷೆಯಿಂದ ಹೇಳಲಾಗದು. ಕಾರ್ಟಿಸಾಲ್ ದಿನವಿಡೀ ಏರಿಳಿಯುವುದರಿಂದ ಒಂದು ಸಲದ ಅಳತೆಗೆ ಅರ್ಥವಿಲ್ಲ. ಒಂದು ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್ ಎಂಬ ಔಷಧವನ್ನು ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿ, ಮೊದಲಿಗೆ, 4 ಗಂಟೆಗೆ, 8 ಗಂಟೆಗೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ದೇಹ ‘ಸಾಕು’ ಎಂಬ ಸಂದೇಶ ತಿಳಿದು ಕಾರ್ಟಿಸಾಲನ್ನು ತಗ್ಗಿಸುತ್ತದೆ. ರೋಗಿಯ ದೇಹದಲ್ಲಿ ಅದು ತಗ್ಗಿದಂತೆ ಉಳಿಯುವುದಿಲ್ಲ.

ಪುಟ್ಟಿಗೆ ಕುಶಿಂಗ್ ಕಾಯಿಲೆ ಎಂದು ಖಚಿತವಾಯಿತು. ಇದಕ್ಕೆ ಕೊಡುವ ಟ್ರೈಲೋಸ್ಟೇನ್ ಎಂಬ ಔಷಧ ಕಾರ್ಟಿಸಾಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ರೋಗವನ್ನು ಇದು ಬೇರುಸಹಿತ ಕೀಳುವುದಿಲ್ಲ, ಹತೋಟಿಯಲ್ಲಿಡುತ್ತದೆ. ಊಟದೊಡನೆ ಕೊಡಬೇಕು. ಗರ್ಭಿಣಿಯರು ಈ ಕ್ಯಾಪ್ಸೂಲನ್ನು ಮುಟ್ಟಬಾರದು. ಔಷಧ ಶುರುವಾದ 10ರಿಂದ 14 ದಿನಗಳಲ್ಲಿ ಒಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ರಕ್ತಪರೀಕ್ಷೆ ಮಾಡಿಸಬೇಕು. ನಾಯಿ ಊಟ ಬಿಟ್ಟರೆ, ವಾಂತಿ ಭೇದಿಯಾದರೆ, ನಿತ್ರಾಣವಾದರೆ ಕಾರ್ಟಿಸಾಲ್ ಮಿತಿಗಿಂತ ಕೆಳಗಿಳಿದಿರಬಹುದು. ಆಗ ಮುಂದಿನ ಮಾತ್ರೆ ಕೊಡದೆ ಕೂಡಲೇ ವೈದ್ಯರನ್ನು ಕಾಣಬೇಕು. ಈ ಚಿಕಿತ್ಸೆಗೆ ಹಣವೂ ತಾಳ್ಮೆಯೂ ಬೇಕು. ಎಲ್ಲ ಮನೆಗಳಿಗೂ ಅದು ಸಾಧ್ಯವಾಗದಿರಬಹುದು. ಸಾಧ್ಯವಿಲ್ಲದಿದ್ದರೆ ಅದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಸೋಂಕಿಗೆ ಔಷಧ, ಬೇಕಾದಷ್ಟು ನೀರು, ಶುಚಿಯಾದ ಹಾಸಿಗೆ, ಇಷ್ಟಾದರೂ ನಾಯಿಯ ಕಷ್ಟವನ್ನು ತಗ್ಗಿಸುತ್ತವೆ.

ಕೆಲವು ವಾರಗಳಲ್ಲಿ ಪುಟ್ಟಿಯ ನೀರು ದಿನಕ್ಕೆ 650 ಮಿಲಿಲೀಟರಿಗೆ ಇಳಿಯಿತು. ಹಗಲು ನಡುಮನೆ ಒಣಗಿಯೇ ಇರತೊಡಗಿತು. ಆದರೂ ಬೆಳಿಗ್ಗೆ ಹಾಸಿಗೆಯಲ್ಲಿ ಅಂಗೈಯಗಲ ಒದ್ದೆ ಕಾಣುತ್ತಿತ್ತು. ಔಷಧ ಫಲಿಸಲಿಲ್ಲ ಎಂದು ಮನೆಯವರು ಬೇಸರಪಟ್ಟರು. ನೋಟುಪುಸ್ತಕ ಬೇರೆಯೇ ಹೇಳುತ್ತಿತ್ತು. ಟ್ಯಾಂಕು ಹರಿಯುವುದು ನಿಂತಿದೆ. ಈಗ ಕಾಣುತ್ತಿರುವುದು ವಾಷರಿನ ಸವೆತ. ಪುಟ್ಟಿಗೆ ಹಿಂದೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿತ್ತು. ಸ್ವಲ್ಪ ಮೂತ್ರವನ್ನು ತಡೆದಿಡಬಲ್ಲ ಸಡಿಲ ಸ್ನಾಯು ಪ್ರವಾಹ ಬಂದಾಗ ಪೂರ್ತಿ ಸೋತಿತ್ತು, ಪ್ರವಾಹ ಇಳಿದಾಗ ಅರ್ಧ ಗೆದ್ದಿತ್ತು. ಸ್ನಾಯುವನ್ನು ಬಿಗಿಗೊಳಿಸುವ ಔಷಧಗಳೂ ಇವೆ. ಅವುಗಳಲ್ಲಿ ಫಿನೈಲ್‌ಪ್ರೊಪನೋಲಮೈನ್ ಎಂಬುದು ರಕ್ತದೊತ್ತಡವನ್ನು ಏರಿಸಬಲ್ಲದು; ಕುಶಿಂಗ್ ಕಾಯಿಲೆಯ ನಾಯಿಗಳಲ್ಲಿ ರಕ್ತದೊತ್ತಡ ಮೊದಲೇ ಹೆಚ್ಚಿರುವ ಸಂಭವವಿದೆ. ಆದ್ದರಿಂದ ಒತ್ತಡ ಅಳೆಯದೆ, ವೈದ್ಯರ ಮಾತಿಲ್ಲದೆ ಇದನ್ನು ಕೊಡಬಾರದು.

ಔಷಧದಷ್ಟೇ ಮುಖ್ಯವಾದದ್ದು ಮನೆಯ ಆರೈಕೆ. ನಾಯಿಯನ್ನು ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ, ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಹೊರಗೆ ಕರೆದೊಯ್ಯಿರಿ. ರಾತ್ರಿ ಓದುತ್ತ ಎಚ್ಚರವಿರುವ ವಿದ್ಯಾರ್ಥಿ ಈ ಕೆಲಸಕ್ಕೆ ತಕ್ಕವನು. ಮಹಡಿ ಮನೆಯಾದರೆ ಬಾಲ್ಕನಿಯಲ್ಲೋ ಬಚ್ಚಲಲ್ಲೋ ಒಂದು ಜಾಗ ಗೊತ್ತುಮಾಡಿ. ಹಾಸಿಗೆಯ ತಳದಲ್ಲಿ ಎಳೆಮಕ್ಕಳಿಗೆ ಹಾಸುವ ರಬ್ಬರ್ ಶೀಟು, ಅದರ ಮೇಲೆ ಹಳೆಯ ಹತ್ತಿ ಸೀರೆಯ ಮಡಿಕೆಗಳು ಇರಲಿ. ಮೇಲಿನ ಮಡಿಕೆಯನ್ನು ತೆಗೆದು ಒಗೆದರಾಯಿತು. ಕುಶಿಂಗ್ ಕಾಯಿಲೆಯಲ್ಲಿ ಚರ್ಮ ತೆಳುವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಒದ್ದೆಯಲ್ಲೇ ಮಲಗಿದರೆ ಹುಣ್ಣಾಗುತ್ತದೆ. ಹಿಂಭಾಗದ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಡೈಪರು ಕಟ್ಟಿದರೂ ಆಗಾಗ ಬದಲಿಸದಿದ್ದರೆ ಹುಣ್ಣಿಗೆ ಅದೇ ದಾರಿ. ನೆಲಕ್ಕೆ ಫಿನಾಯಿಲ್ ಬಳಸಿದರೆ ನೀರಿನಿಂದ ಒರೆಸಿ ಒಣಗುವ ತನಕ ನಾಯಿಯನ್ನು ಬಿಡಬೇಡಿ. ಅದು ಪಾದಗಳನ್ನು ನೆಕ್ಕಿಕೊಳ್ಳುತ್ತದೆ. ನುಣುಪು ಟೈಲ್ಸಿನ ಮೇಲೆ ದುರ್ಬಲ ಕಾಲುಗಳು ಜಾರುತ್ತವೆ. ಅದರ ಜಾಗದಿಂದ ಬಾಗಿಲ ತನಕ ಗೋಣಿತಟ್ಟು ಹಾಸಿ. ಎಷ್ಟೋ ನಾಯಿಗಳು ಬಾಗಿಲು ತಲುಪಲಾಗದೆ ಒಳಗೆ ಹೊಯ್ಯುತ್ತವೆ ಎಂಬುದು ಆಗ ತಿಳಿಯುತ್ತದೆ.

ಬೈಯುವುದು, ಮೂತಿಯನ್ನು ಮೂತ್ರಕ್ಕೆ ಉಜ್ಜುವುದು ಬೇಡವೇ ಬೇಡ. ತಾನು ಮಾಡದ ತಪ್ಪಿಗೆ ಶಿಕ್ಷೆ ಪಡೆದ ನಾಯಿ ಕಲಿಯುವುದು ಒಂದೇ ಪಾಠ, ಮನೆಯವರನ್ನು ಕಂಡರೆ ಅವಿತುಕೊಳ್ಳುವುದು. ಅವಿತುಕೊಂಡ ನಾಯಿಯ ರೋಗವೂ ಅವಿತುಕೊಳ್ಳುತ್ತದೆ.

ನೋಟುಪುಸ್ತಕದ ಒಂದು ಹಾಳೆಯಲ್ಲಿ ಆರು ಅಂಕಣ ಗೀಚಿಕೊಳ್ಳಿ: ದಿನಾಂಕ, ಕುಡಿದ ನೀರು, ಹೊರಗೆ ಹೋದ ವೇಳೆ, ಒಳಗೆ ಒದ್ದೆಯಾದ ಜಾಗ, ಆಗ ಎಚ್ಚರವಿತ್ತೋ ನಿದ್ದೆಯಲ್ಲಿತ್ತೋ, ಕೊಟ್ಟ ಔಷಧ. ವಾರಕ್ಕೊಮ್ಮೆ ತೂಕ. ಈ ಹಾಳೆಯನ್ನು ವೈದ್ಯರ ಮೇಜಿನ ಮೇಲಿಟ್ಟರೆ ‘ತುಂಬಾ ನೀರು ಕುಡಿಯುತ್ತೆ ಡಾಕ್ಟ್ರೆ’ ಎಂಬ ಮಾತಿಗಿಂತ ನೂರು ಪಾಲು ಉಪಯೋಗ. ಮಾತನಾಡಲಾರದ ಜೀವಿಯ ಪರವಾಗಿ ಅದು ಮಾತನಾಡುತ್ತದೆ.

ವಿಜ್ಞಾನವೆಂದರೆ ಪ್ರಯೋಗಾಲಯದ ಬ್ಯುರೆಟ್ಟು, ಪಿಪೆಟ್ಟುಗಳಷ್ಟೇ ಅಲ್ಲ. ಕೋಪ ಬರುವ ಜಾಗದಲ್ಲಿ ನಿಂತು, ಇದು ಏಕೆ ಹೀಗಾಗುತ್ತಿದೆ ಎಂದು ಕೇಳಿ, ಅಳೆದು ನೋಡುವುದೂ ವಿಜ್ಞಾನವೇ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ವಯಸ್ಸಾದ ನಾಯಿ ಇದ್ದರೆ ಇಂದು ಸಂಜೆ ಅದರ ನೀರಿನ ಬಟ್ಟಲನ್ನೊಮ್ಮೆ ನೋಡಿ. ಬರಿದಾಗಿದ್ದರೆ ಮೊದಲು ತುಂಬಿಸಿ. ಲೆಕ್ಕವನ್ನು ನಾಳೆ ಬೆಳಿಗ್ಗೆಯಿಂದ ಶುರುಮಾಡಿದರಾಯಿತು.